ಮಂತ್ರಿಯನ್ನು ಬಿಟ್ಟು ಮಂಡ್ಯದವರನ್ನು ನೋಡಿ ನಗುವ ಕಿರುತೆರೆ

ಒಂದು ಸಮಾಜದಲ್ಲಿ ಯಾರನ್ನು ನೋಡಿ ನಗಬಹುದು, ಯಾರನ್ನು ನೋಡಿ ನಗಬಾರದು ಎಂಬುದನ್ನು ತೀರ್ಮಾನಿಸುವವರೇ ಆ ಸಮಾಜದ ನಿಜವಾದ ಯಜಮಾನರು. ಎಲ್ಲರೂ ಸಮಾನರೆಂದು ಸಂವಿಧಾನದಲ್ಲಿ ಬರೆದಿದೆ. ಆದರೆ ನಮ್ಮ ಕಿರುತೆರೆಯ ನಗೆಗೆ ಆ ಸಂವಿಧಾನ ಅನ್ವಯಿಸುವುದಿಲ್ಲ. ಅಲ್ಲಿ ಮಂತ್ರಿ ಗಂಭೀರ, ಮಂಡ್ಯದವನು ಹಾಸ್ಯ. ಸಾಹೇಬರು ಗಂಭೀರ, ಅವರ ಜವಾನ ಹಾಸ್ಯ. ಮನೆಯೊಡತಿ ಅಳುತ್ತಾಳೆ, ಕೆಲಸದಾಕೆ ನಗಿಸುತ್ತಾಳೆ. ಇನ್ನು ‘ಸಾಬರು’ ಬಂದರಂತೂ ಅವರು ಬಾಯಿ ತೆರೆಯುವ ಮೊದಲೇ ಹಿನ್ನೆಲೆ ಸಂಗೀತ ನಗಲು ಶುರುಮಾಡುತ್ತದೆ. ಇದು ಹೀಗೆಯೇ ಇರಬೇಕೆಂದು ಯಾವ ದೇವರೂ ಹೇಳಿಲ್ಲ. ಬೇರೆ ರೀತಿಯೂ ಸಾಧ್ಯವಿತ್ತು ಎಂಬುದಕ್ಕೆ ನಮ್ಮ ದೇಶದ ಟಿವಿಯಲ್ಲೇ ಒಂದು ಸಾಕ್ಷಿ ಇದೆ. ಅದು ಬಹಳ ದಿನ ಬದುಕಲಿಲ್ಲ ಎಂಬುದೇ ನಮ್ಮ ತಕರಾರು.

2001ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ‘ಜೀ ಮಂತ್ರೀಜಿ’ ಎಂಬ ಹಿಂದಿ ಹಾಸ್ಯ ಧಾರಾವಾಹಿ ಬಂತು. ಸೂರ್ಯಪ್ರಕಾಶ್ ಸಿಂಗ್ ಎಂಬ ರಾಜಕಾರಣಿ ಹೊಸದಾಗಿ ಕೇಂದ್ರದಲ್ಲಿ ಮಂತ್ರಿಯಾಗುತ್ತಾನೆ. ಆಡಳಿತ ವ್ಯವಹಾರಗಳ ಖಾತೆ. ಅವನಿಗೆ ಏನೋ ಒಂದಿಷ್ಟು ಒಳ್ಳೆಯದು ಮಾಡಬೇಕೆಂಬ ಆಸೆಯೂ ಇದೆ, ಕುರ್ಚಿ ಉಳಿಸಿಕೊಳ್ಳಬೇಕೆಂಬ ಆಸೆ ಅದಕ್ಕಿಂತ ಹೆಚ್ಚಾಗಿ ಇದೆ. ಅವನ ಕಾರ್ಯದರ್ಶಿ ರಾಜನಾಥ್ ಮಾಥುರ್ ಮಹಾ ಬುದ್ಧಿವಂತ. ಮಂತ್ರಿ ಏನು ಹೇಳಿದರೂ ಆತ ಆಗುವುದಿಲ್ಲ ಎನ್ನುವುದಿಲ್ಲ. ‘ಆಗಲಿ ಮಂತ್ರಿಗಳೇ’ ಎನ್ನುತ್ತಾನೆ. ಆಮೇಲೆ ಆ ಕೆಲಸ ಎಂದೆಂದಿಗೂ ಆಗದಂತೆ ಸಮಿತಿ, ಉಪಸಮಿತಿ, ವರದಿ, ಟಿಪ್ಪಣಿಗಳಲ್ಲಿ ಹೂತುಹಾಕುತ್ತಾನೆ. ಮಾಥುರನ ಪಾತ್ರ ಜಯಂತ್ ಕೃಪಲಾನಿಯವರದು. ಮಂತ್ರಿಯಾದವರು ಹಿಂದಿ ಚಿತ್ರರಂಗದ ಹಿರಿಯ ನಟ ಫಾರೂಕ್ ಶೇಖ್.

ಫಾರೂಕ್ ಶೇಖ್ ನಮಗೆ ತೀರ ಹೊರಗಿನವರಲ್ಲ. ಅವರನ್ನು ಸಿನಿಮಾಕ್ಕೆ ತಂದದ್ದು 1973ರ ‘ಗರಂ ಹವಾ’. ಅದರ ನಿರ್ದೇಶಕ ನಮ್ಮ ಮೈಸೂರಿನ ಎಂ.ಎಸ್. ಸತ್ಯು. ದೇಶವಿಭಜನೆಯ ನಂತರ ಆಗ್ರಾದಲ್ಲಿ ಉಳಿದುಕೊಂಡ ಒಂದು ಮುಸ್ಲಿಂ ಕುಟುಂಬದ ಕಿರಿಯ ಮಗನ ಪಾತ್ರ ಅವರದು. ಮುಂದೆ ‘ಗಮನ್’, ‘ಚಶ್ಮೆ ಬದ್ದೂರ್’, ‘ಉಮ್ರಾವ್ ಜಾನ್’, ‘ಬಾಜಾರ್’ ಚಿತ್ರಗಳಲ್ಲಿ ಹೊಡೆದಾಟವಿಲ್ಲದೆ, ಅಬ್ಬರವಿಲ್ಲದೆ, ಪಕ್ಕದ ಮನೆಯ ಹುಡುಗನಂತೆ ನಟಿಸಿ ಹೆಸರು ಮಾಡಿದರು. 2013ರ ಡಿಸೆಂಬರಿನಲ್ಲಿ ದುಬೈನಲ್ಲಿ ತೀರಿಕೊಂಡರು. ಅಂಥವರು ಮಂತ್ರಿಯಾಗಿ ಕುಳಿತಾಗ ಅವನ ಪುಕ್ಕಲುತನ, ಅವನ ಆಸೆಬುರುಕತನ, ಟಿವಿ ಕ್ಯಾಮರಾ ಕಂಡರೆ ಅವನ ಮುಖದಲ್ಲಿ ಬರುವ ಹೊಳಪು ಇವೆಲ್ಲ ಕಿರುಚಾಟವಿಲ್ಲದೆ ಪ್ರೇಕ್ಷಕರನ್ನು ಮುಟ್ಟಿದವು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಫಾರೂಕ್ ಶೇಖ್ ಎಂಬ ನಟ ಸೂರ್ಯಪ್ರಕಾಶ್ ಸಿಂಗ್ ಎಂಬ ಮಂತ್ರಿಯಾಗಿ ದೇಶದ ಆಡಳಿತವನ್ನು ಗೇಲಿ ಮಾಡಿದಾಗ, ಅವರ ಧರ್ಮ ಯಾವುದು ಎಂಬ ಪ್ರಶ್ನೆ ಒಂದು ವಿವಾದವಾಗಲಿಲ್ಲ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಲಿ, ಮುಂದೆ ಬೇಕಾಗುತ್ತದೆ.

ಆ ಧಾರಾವಾಹಿಯ ಮೂಲ ನಮ್ಮದಲ್ಲ, ಬ್ರಿಟನ್ನಿನದು. ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ‘ಯೆಸ್ ಮಿನಿಸ್ಟರ್’ ಬಿಬಿಸಿಯಲ್ಲಿ 1980ರಿಂದ ಬಂತು. ಅದರ ಮುಂದಿನ ಭಾಗ ‘ಯೆಸ್ ಪ್ರೈಮ್ ಮಿನಿಸ್ಟರ್’ 1988ರ ತನಕ ನಡೆಯಿತು. ಆಗ ಅಲ್ಲಿ ಪ್ರಧಾನಿಯಾಗಿದ್ದವರು ಮಾರ್ಗರೆಟ್ ಥ್ಯಾಚರ್. ಗಣಿ ಕಾರ್ಮಿಕರ ಮುಷ್ಕರವನ್ನು ಮುರಿದ, ಯಾರಿಗೂ ಜಗ್ಗದ ಹೆಂಗಸು. ತನ್ನ ಆಡಳಿತವರ್ಗವನ್ನೇ ಗೇಲಿ ಮಾಡುವ ಈ ಧಾರಾವಾಹಿಯನ್ನು ಆಕೆ ನಿಲ್ಲಿಸಲಿಲ್ಲ. ಬದಲಿಗೆ ಅದು ತನಗೆ ಇಷ್ಟವೆಂದು ಹೇಳಿಕೊಂಡರು. 1984ರಲ್ಲಿ ಅದರ ನಟರ ಜೊತೆ ನಿಂತು ಒಂದು ಕಿರುಪ್ರಹಸನದಲ್ಲಿ ತಾವೇ ಪಾತ್ರವಾಡಿದರು. ಥ್ಯಾಚರ್ ಅವರ ರಾಜಕೀಯವನ್ನು ನಾವು ಒಪ್ಪಬೇಕಾಗಿಲ್ಲ. ಜನರ ನಗೆಯಿಂದ ಸರ್ಕಾರ ಬಿದ್ದುಹೋಗುವುದಿಲ್ಲ ಎಂಬಷ್ಟು ಧೈರ್ಯ ಆಕೆಗಿತ್ತು ಎಂಬುದನ್ನಾದರೂ ಒಪ್ಪಬೇಕು.

ನಮ್ಮಲ್ಲಿ ಏನಾಯಿತು? ಅದೇ ಸ್ಟಾರ್ ಪ್ಲಸ್‌ನಲ್ಲಿ 2000ದ ಜುಲೈಯಲ್ಲಿ ‘ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥೀ’ ಶುರುವಾಗಿತ್ತು. ಅತ್ತೆ ಸೊಸೆಯರ ಆ ಕಥೆ 2008ರ ನವೆಂಬರ್ ತನಕ ಎಂಟು ವರ್ಷ ಎಳೆಯಿತು. ದೇಶದ ಎಲ್ಲ ಭಾಷೆಯ ವಾಹಿನಿಗಳೂ ಅದರ ದಾರಿ ಹಿಡಿದವು. ಮಂತ್ರಿಯನ್ನು ನೋಡಿ ನಕ್ಕ ಧಾರಾವಾಹಿಯಾದರೋ ಅಲ್ಪಾಯುಷಿಯಾಯಿತು, ಅದರ ದಾರಿಯಲ್ಲಿ ಹೆಜ್ಜೆಯಿಟ್ಟವರೂ ಕಾಣಲಿಲ್ಲ. ಕಥೆ ಇಷ್ಟಕ್ಕೇ ಮುಗಿಯಲಿಲ್ಲ. ‘ಕ್ಯೋಂಕಿ’ಯಲ್ಲಿ ಸೊಸೆಯಾಗಿದ್ದ ಸ್ಮೃತಿ ಇರಾನಿ ಮುಂದೆ ಕೇಂದ್ರ ಮಂತ್ರಿಯಾದರು, 2017ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯೂ ಅವರ ಕೈಗೆ ಬಂತು. ಅವರು ಮಂತ್ರಿಯಾದದ್ದು ತಪ್ಪೆಂದು ನಾವು ಹೇಳುತ್ತಿಲ್ಲ. ಟಿವಿ ಮತ್ತು ಅಧಿಕಾರದ ನಂಟು ನಮ್ಮ ದೇಶದಲ್ಲಿ ಯಾವ ದಿಕ್ಕಿಗೆ ಹರಿಯಿತು ಎಂಬುದನ್ನು ತೋರಿಸಲು ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕೇ?

ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟು ಮನೆಗಳಲ್ಲಿ 2001ರಲ್ಲಿ ‘ಜೀ ಮಂತ್ರೀಜಿ’ ನೋಡಿದ್ದಾರು? ಹಿಂದಿ ಉರ್ದು ಕಿವಿಗೆ ಒಗ್ಗಿದ ಕೆಲವರು ನೋಡಿರಬಹುದು. ಉಳಿದವರಿಗೆ ಅದು ದಿಲ್ಲಿಯ ದೊಡ್ಡವರ ಭಾಷೆ. ಆದರೆ ಅದರ ವಿಷಯ ಈ ಸೀಮೆಯವರಿಗೆ ಅಂಗೈ ರೇಖೆಯಷ್ಟು ಪರಿಚಿತ. ಮಂಡ್ಯದ ಯಾವ ಟೀ ಅಂಗಡಿಯ ಮುಂದೆ ಬೇಕಾದರೂ ಹತ್ತು ನಿಮಿಷ ನಿಲ್ಲಿ. ಶಾಸಕ, ಸಂಸದ, ಮಂತ್ರಿ, ತಹಶೀಲ್ದಾರ, ನೀರಾವರಿ ಇಲಾಖೆಯ ಎಂಜಿನಿಯರ್ ಯಾರನ್ನೂ ಬಿಡದೆ, ಅವರವರ ನಡಿಗೆ, ಮಾತು, ಕೊಟ್ಟ ಭರವಸೆ ಎಲ್ಲವನ್ನೂ ಅಣಕವಾಡಿ ನಗಿಸುವವರು ಅಲ್ಲಿ ಸಿಗುತ್ತಾರೆ. ಅಧಿಕಾರಕ್ಕೆ ಹೆದರದೆ ನಗುವ ಈ ಸೀಮೆಯ ಗುಣವನ್ನು ಕಿರುತೆರೆಯವರು ಬಳಸಿಕೊಂಡಿದ್ದರೆ ಕನ್ನಡದಲ್ಲಿ ಹತ್ತು ‘ಜೀ ಮಂತ್ರೀಜಿ’ ಆಗುತ್ತಿದ್ದವು. ಅವರು ಆ ಗುಣವನ್ನು ಬಿಟ್ಟು ಭಾಷೆಯನ್ನು ಮಾತ್ರ ಎತ್ತಿಕೊಂಡರು.

ನಟರ ಕೊರತೆ ಇತ್ತೇ? ಈ ದೇಶದಲ್ಲಿ ಕರ್ನಾಟಕದಷ್ಟು ಅನುಕೂಲ ಇನ್ನೊಬ್ಬರಿಗೆ ಇದ್ದಂತಿಲ್ಲ. 1980ರಲ್ಲಿ ರಂಗಕ್ಕೆ ಬಂದ ‘ಮುಖ್ಯಮಂತ್ರಿ’ ನಾಟಕವನ್ನು ಜನ ನೂರಾರು ಪ್ರದರ್ಶನಗಳಲ್ಲಿ ನೋಡಿದರು. ಆ ಪಾತ್ರ ಮಾಡಿದ ಚಂದ್ರು ಅವರ ಹೆಸರಿಗೇ ‘ಮುಖ್ಯಮಂತ್ರಿ’ ಅಂಟಿಕೊಂಡಿತು. 1985ರಲ್ಲಿ ಅವರು ಗೌರಿಬಿದನೂರಿನ ಶಾಸಕರೂ ಆದರು. ‘ಗಣೇಶನ ಮದುವೆ’, ‘ಉಂಡೂ ಹೋದ ಕೊಂಡೂ ಹೋದ’ ಚಿತ್ರಗಳಲ್ಲಿ ಹದವರಿತ ಹಾಸ್ಯ ಮಾಡಿದ ಅನಂತನಾಗ್, ಜೆ.ಎಚ್. ಪಟೇಲರ ಮಂತ್ರಿಮಂಡಲದಲ್ಲಿ ನಿಜಕ್ಕೂ ಮಂತ್ರಿಯಾಗಿದ್ದರು. ಮಂತ್ರಿಯ ಕೋಣೆಯೊಳಗೆ ಕಡತ ಹೇಗೆ ಓಡಾಡುತ್ತದೆ ಎಂದು ಕಣ್ಣಾರೆ ಕಂಡ ನಟ! ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ಅವರು ಮಂಡ್ಯದ ಸಂಸದರಾಗಿ 2006ರಲ್ಲಿ ಕೇಂದ್ರದ ವಾರ್ತಾ ಮತ್ತು ಪ್ರಸಾರ ಖಾತೆಯ ರಾಜ್ಯಮಂತ್ರಿಯಾದರು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಮುಂದೆ ರಾಜ್ಯದ ವಸತಿ ಮಂತ್ರಿಯೂ ಆದರು. ನೇರ ಮಾತಿನ, ತಮ್ಮನ್ನೇ ತಾವು ನಗಬಲ್ಲ ಮನುಷ್ಯ, 2018ರಲ್ಲಿ ತೀರಿಕೊಂಡರು. ಇಂಥ ನಟರೆಲ್ಲ ನಮ್ಮ ನಡುವೆ ಇದ್ದಾಗ, ಅವರ ಮನೆ ಬಾಗಿಲು ತಟ್ಟಿ ‘ನಿಮ್ಮ ಅನುಭವವನ್ನೇ ಒಂದು ಹಾಸ್ಯ ಧಾರಾವಾಹಿ ಮಾಡೋಣ’ ಎನ್ನುವ ಬುದ್ಧಿ ನಮ್ಮ ವಾಹಿನಿಗಳಿಗೆ ಏಕೆ ಬರಲಿಲ್ಲ?

ಬರಲಿಲ್ಲ ಎನ್ನುವುದಕ್ಕಿಂತ ಬರುವಂತಿರಲಿಲ್ಲ ಎನ್ನುವುದು ಸರಿ. ವಾಹಿನಿಗಳ ಹಿಂದೆ ಯಾರಿದ್ದರು ಎಂದು ನೋಡಿದರೆ ಕಾರಣ ತಿಳಿಯುತ್ತದೆ. 1994ರಲ್ಲಿ ಬಂದ ಉದಯ ಟಿವಿ ಸನ್ ಬಳಗದ್ದು. ಅದರ ಒಡೆಯರ ಸೋದರರು ಕೇಂದ್ರದಲ್ಲಿ ಮಂತ್ರಿಯಾಗಿದ್ದವರು. 2007ರ ಕಸ್ತೂರಿ ವಾಹಿನಿ ಆಗ ಮುಖ್ಯಮಂತ್ರಿಯಾಗಿದ್ದವರ ಕುಟುಂಬದ್ದು. ಸುವರ್ಣ ವಾಹಿನಿ ಶುರುವಾದಾಗ ಅದರ ಹಿಂದೆ ಇದ್ದವರು ರಾಜ್ಯಸಭೆಯ ಸದಸ್ಯರು. ಇವರೆಲ್ಲರ ವಾಹಿನಿಗಳಲ್ಲಿ ಒಳ್ಳೆಯ ಕಾರ್ಯಕ್ರಮಗಳು ಬಂದಿಲ್ಲವೆಂದಲ್ಲ. ಆದರೆ ಕುರ್ಚಿಯ ಮೇಲೆ ಕುಳಿತವರೇ ಅಥವಾ ಅವರ ಬಂಧುಗಳೇ ಪರದೆಯ ಮಾಲೀಕರಾದಾಗ, ಕುರ್ಚಿಯನ್ನು ನೋಡಿ ನಗುವ ಧಾರಾವಾಹಿಗೆ ಸಹಿ ಹಾಕುವವರು ಯಾರು? ಜಾಹೀರಾತಿನ ಹಣದಲ್ಲಿ ಸರ್ಕಾರದ ಪಾಲೂ ಇರುವಾಗ ಆ ಧೈರ್ಯ ಎಲ್ಲಿಂದ ಬರಬೇಕು? ಜನ ಇಂಥದ್ದನ್ನು ನೋಡುವುದಿಲ್ಲ, ಟಿಆರ್‌ಪಿ ಬರುವುದಿಲ್ಲ ಎಂಬುದು ಅವರ ಸಿದ್ಧ ಉತ್ತರ. ಬಡಿಸದ ಊಟವನ್ನು ಜನ ಉಣ್ಣಲಿಲ್ಲ ಎಂದು ದೂರುವುದು ಯಾವ ನ್ಯಾಯ?

ಕನ್ನಡದಲ್ಲಿ ಒಳ್ಳೆಯ ಹಾಸ್ಯ ಧಾರಾವಾಹಿಗಳೇ ಬರಲಿಲ್ಲ ಎಂದು ನಾವು ಹೇಳುವುದಿಲ್ಲ. ಈಟಿವಿ ಕನ್ನಡದಲ್ಲಿ ಸಿಹಿಕಹಿ ಚಂದ್ರು ಅವರ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಬರುತ್ತಿದ್ದಾಗ ಅಡುಗೆ ಬಿಟ್ಟು ಬಂದು ಕೂತವರು ನಮ್ಮ ಮನೆಗಳಲ್ಲೂ ಇದ್ದರು. ಅವುಗಳಲ್ಲಿ ನಂಜಿರಲಿಲ್ಲ. ಹೆಂಡತಿಗೆ ಹೆದರುವ ಗಂಡ, ತನ್ನ ಡಾಕ್ಟರಿಕೆಯ ಬಗ್ಗೆ ಜಂಬ ಕೊಚ್ಚುವ ವೈದ್ಯ, ಇವರ ಪಡಿಪಾಟಲು ಕಂಡು ನಕ್ಕೆವು. ‘ಪಾಪ ಪಾಂಡು’ವಿನಲ್ಲಿ ಶ್ರೀಹರಿಯ ಪಾತ್ರ ಮಾಡಿದವರು ಜಹಾಂಗೀರ್. ಜಹಾಂಗೀರ್ ಶ್ರೀಹರಿಯಾದದ್ದು ಕನ್ನಡಿಗರಿಗೆ ಒಂದು ಸುದ್ದಿಯೇ ಆಗಲಿಲ್ಲ. ಅದಕ್ಕೂ ಮೂವತ್ತು ವರ್ಷ ಹಿಂದೆ, 1972ರ ‘ನಾಗರಹಾವು’ ಚಿತ್ರದಲ್ಲಿ ಮಂಡ್ಯದ ಅಂಬರೀಶ್ ಜಲೀಲನಾಗಿ ಬಂದಾಗಲೂ ಅಷ್ಟೇ. ಪಾತ್ರ ಬೇರೆ, ಮನುಷ್ಯ ಬೇರೆ ಎಂಬ ತಿಳಿವಳಿಕೆ ಈ ನಾಡಿನ ಪ್ರೇಕ್ಷಕನಿಗೆ ಇತ್ತು. ಅಂಥ ಪ್ರೇಕ್ಷಕ ಮಂತ್ರಿಯ ಪಾತ್ರವನ್ನೂ ನೋಡಿ ನಗುತ್ತಿದ್ದ. ಆದರೆ ನಮ್ಮ ಹಾಸ್ಯ ಮನೆಯ ಹೊಸ್ತಿಲು ದಾಟಿ ವಿಧಾನಸೌಧದ ಮೆಟ್ಟಿಲು ಹತ್ತಲು ಮನಸ್ಸು ಮಾಡಲಿಲ್ಲ.

ಮೇಲಕ್ಕೆ ಹತ್ತದ ನಗೆ ಕೆಳಕ್ಕೆ ಇಳಿಯಿತು. ಹಾಸ್ಯ ಸ್ಪರ್ಧೆಗಳು, ಹಾಸ್ಯದ ಮಾತುಕತೆಗಳು ವಾಹಿನಿಗಳನ್ನು ತುಂಬಿದ ಮೇಲೆ ಇದು ಎದ್ದು ಕಾಣಿಸಿತು. ಸೀರೆ ಉಟ್ಟ ಗಂಡಸು, ದಪ್ಪಗಿರುವ ಹೆಂಗಸು, ಕುಡುಕ, ತೊದಲುವವನು, ಹಳ್ಳಿಯಿಂದ ಬಂದವನು ನಗೆಯ ಕಚ್ಚಾವಸ್ತುಗಳಾದರು. ಹಳ್ಳಿಯವನೆಂದರೆ ಬಹುಪಾಲು ಮಂಡ್ಯದ ಕಡೆಯವನು. ಅವನ ಬಾಯಲ್ಲಿ ಮಾತಿಗೊಂದು ‘ಲಾ’ ಇರಲೇಬೇಕು. ‘ಏನ್ಲಾ’, ‘ಬುಡ್ಲಾ’, ‘ಹೋಗ್ಲಾ’ ಎಂದರೆ ಸಾಕು, ನೋಡುವವರು ನಗಬೇಕು. ಅವನು ಏನು ಹೇಳಿದ ಎಂಬುದು ಮುಖ್ಯವಲ್ಲ, ಹೇಗೆ ಹೇಳಿದ ಎಂಬುದೇ ಹಾಸ್ಯ. ನಾಯಕ ಪ್ರೀತಿ ಮಾಡುವಾಗ, ವೈದ್ಯ ರೋಗ ಹೇಳುವಾಗ, ನ್ಯಾಯಾಧೀಶ ತೀರ್ಪು ಕೊಡುವಾಗ ಮಂಡ್ಯದ ಕನ್ನಡ ಆಡಿದ್ದನ್ನು ಟಿವಿಯಲ್ಲಿ ಎಷ್ಟು ಸಲ ನೋಡಿದ್ದೇವೆ? ಆ ಭಾಷೆಯಲ್ಲಿ ಜನ ಪ್ರೀತಿಸುತ್ತಾರೆ, ವ್ಯಾಜ್ಯ ತೀರಿಸುತ್ತಾರೆ, ಸತ್ತವರಿಗಾಗಿ ಅಳುತ್ತಾರೆ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ ಈ ಸೀಮೆಯ ರೈತರು ಆಡಿದ್ದೂ ಅದೇ ಕನ್ನಡ. ಆಗ ಅದು ಯಾರಿಗೂ ಹಾಸ್ಯವೆನಿಸಿರಲಿಲ್ಲ.

ಮಂಡ್ಯದವನಿಗೆ ‘ಲಾ’ ಅಂಟಿಸಿದಂತೆ ಮುಸ್ಲಿಮನಿಗೆ ‘ನಮ್ದು’, ‘ನಿಮ್ದುಕೆ’ ಅಂಟಿಸಲಾಯಿತು. ಟಿವಿಯ ಮುಸ್ಲಿಮನಿಗೆ ಕನ್ನಡ ಬರುವಂತಿಲ್ಲ. ಅವನು ಒಂದೋ ಮಾಂಸದಂಗಡಿಯವನು, ಇಲ್ಲವೇ ಗುಜರಿಯವನು, ಇಲ್ಲವೇ ನಾಲ್ಕು ಹೆಂಡಿರ ಗಂಡ. ಮನೆಯಲ್ಲಿ ಉರ್ದು ಆಡುವವರ ಕನ್ನಡದಲ್ಲಿ ಉರ್ದುವಿನ ಜಾಡು ಇರಬಹುದು; ತುಳು ಆಡುವವರ, ಕೊಂಕಣಿ ಆಡುವವರ ಕನ್ನಡದಲ್ಲೂ ಅವರವರ ಜಾಡು ಇರುತ್ತದೆ. ಅದನ್ನು ತೋರಿಸಬಾರದೆಂದಲ್ಲ. ಆದರೆ ಮಳವಳ್ಳಿ ಕಡೆಯ ಮುಸ್ಲಿಮರು ಸಂತೆಯಲ್ಲಿ, ಗದ್ದೆಯಲ್ಲಿ, ರೇಷ್ಮೆಯ ವ್ಯವಹಾರದಲ್ಲಿ ಆಡುವುದು ಅಚ್ಚ ಮಂಡ್ಯದ ಕನ್ನಡವನ್ನೇ. ಕಣ್ಣು ಮುಚ್ಚಿಕೊಂಡು ಕೇಳಿದರೆ ಮಾತಾಡಿದ್ದು ಗೌಡರೋ ಖಾನರೋ ತಿಳಿಯದು. ಅದೇ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಎಂಬ ರೈತರಿದ್ದಾರೆ. ನೂರಾರು ದೇಸಿ ಭತ್ತದ ತಳಿಗಳನ್ನು ತಮ್ಮ ಗದ್ದೆಯಲ್ಲಿ ಬೆಳೆದು, ಬೀಜ ಉಳಿಸಿ, ಭತ್ತದ ಒಂದು ಸಂಗ್ರಹಾಲಯವನ್ನೇ ಮಾಡಿದವರು. ಇಂಥ ಒಬ್ಬ ಮುಸ್ಲಿಂ ರೈತ, ಮಣ್ಣಿನ ಮನುಷ್ಯ, ನಮ್ಮ ಧಾರಾವಾಹಿಗಳ ಊರಿನಲ್ಲಿ ಏಕೆ ವಾಸಿಸುವುದಿಲ್ಲ? ಅವನು ಬಂದರೆ ‘ನಿಮ್ದುಕೆ’ ಹಾಸ್ಯ ಸುಳ್ಳಾಗಿಬಿಡುತ್ತದೆ ಎಂಬ ಕಾರಣಕ್ಕೇ?

‘ಇದೆಲ್ಲ ಬರೀ ತಮಾಷೆ, ಮಂಡ್ಯದವರೇ ನಗುತ್ತಾರೆ, ನಿಮಗೇಕೆ ಉರಿ?’ ಎಂದು ಕೇಳುವವರಿದ್ದಾರೆ. ಹೌದು, ಮಂಡ್ಯದವರೂ ನಗುತ್ತಾರೆ. ತಮ್ಮನ್ನೇ ನೋಡಿಕೊಂಡು ನಗುವುದು ದೊಡ್ಡ ಗುಣವೇ ಸರಿ. ನಮ್ಮ ತಕರಾರು ಮಂಡ್ಯದವನನ್ನು ನೋಡಿ ನಕ್ಕರೆಂಬುದಲ್ಲ, ಅವನೊಬ್ಬನನ್ನೇ ನೋಡಿ ನಕ್ಕರೆಂಬುದು. ಹಳೆಯ ಕಾಲದ ಮೂಡಲಪಾಯ ಬಯಲಾಟದಲ್ಲಿ ರಾಜನ ಪಕ್ಕದಲ್ಲೇ ಹಾಸ್ಯಗಾರ ಇರುತ್ತಿದ್ದ. ರಾಜ ಗತ್ತಿನಿಂದ ಪದ ಹೇಳಿದರೆ ಅವನು ಆಡುಮಾತಿನಲ್ಲಿ ಅದರ ಗಾಳಿ ತೆಗೆಯುತ್ತಿದ್ದ. ಹಳ್ಳಿಯ ಮಾತು ಅಲ್ಲಿಯೂ ನಗಿಸುತ್ತಿತ್ತು, ಆದರೆ ನಗೆಗೆ ಗುರಿಯಾದವನು ಸಿಂಹಾಸನದ ಮೇಲಿದ್ದವನು. ಟಿವಿ ಈ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಹಾಸ್ಯಗಾರನ ಮಾತನ್ನು ಇಟ್ಟುಕೊಂಡು ರಾಜನನ್ನು ಪಾರುಮಾಡಿತು.

ಮಂಡ್ಯ ಜಿಲ್ಲೆಯ ಮಟ್ಟಿಗೆ ಹೇಳುವುದಾದರೆ, ‘ಜೀ ಮಂತ್ರೀಜಿ’ಯ ಮಾದರಿಯ ಧಾರಾವಾಹಿಗೆ ಕಥೆಗಳ ಬರ ಎಂದೂ ಇರಲಿಲ್ಲ. 1933ರಲ್ಲಿ ಹುಟ್ಟಿದ ಮೈಷುಗರ್ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಅದು ನಿಂತಾಗ ಒಂದು ಸಮಿತಿ, ಶುರುವಾದಾಗ ಒಂದು ಸಮಾರಂಭ, ಮತ್ತೆ ನಿಂತಾಗ ಇನ್ನೊಂದು ವರದಿ. ಖಾಸಗಿಗೆ ಕೊಡುವುದೋ ಬೇಡವೋ ಎಂಬ ಚರ್ಚೆ ವರ್ಷಗಟ್ಟಲೆ ನಡೆದು, ಹಲವು ವರ್ಷ ನಿಂತಿದ್ದ ಗಾಣ 2022ರಲ್ಲಿ ಮತ್ತೆ ತಿರುಗಿತು. ರಾಜನಾಥ್ ಮಾಥುರ್ ಇದ್ದಿದ್ದರೆ ಕೈಕುಲುಕುತ್ತಿದ್ದ. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೆದಾಗ, ಮದ್ಯ ತಂಬಾಕುಗಳ ಸಾಲಿನಲ್ಲಿ ಮಾಂಸಾಹಾರವನ್ನೂ ಸೇರಿಸಿ ಮಳಿಗೆಗಳಲ್ಲಿ ನಿಷೇಧಿಸುವ ಸೂಚನೆ ಹೊರಬಿತ್ತು. ಎಲ್ಲಿ? ಬಾಡೂಟಕ್ಕೆ ಹೆಸರಾದ ಮಂಡ್ಯದಲ್ಲಿ! ಬಾಡೂಟ ಬೇಕೆಂದು ಜನ ಚಳವಳಿಯನ್ನೇ ಹೂಡಿದರು. ಆ ಸೂಚನೆ ತಯಾರಾದ ಸಭೆಯಲ್ಲಿ ಕೂತವರ ಮಾತುಕತೆಯನ್ನು ಒಬ್ಬ ಒಳ್ಳೆಯ ಬರಹಗಾರ ಕಲ್ಪಿಸಿಕೊಂಡರೆ ಅರ್ಧ ಗಂಟೆ ನಗಬಹುದು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ಬೆಂಗಳೂರು ಮೈಸೂರು ದಶಪಥ ರಸ್ತೆ, ಅದೇ ತಿಂಗಳ ಒಂದು ಮಳೆಗೆ ರಾಮನಗರದ ಬಳಿ ನೀರು ತುಂಬಿಕೊಂಡಿತು. ಅದೂ ಒಂದು ಕಂತು. ಇವೆಲ್ಲ ಸುದ್ದಿಯಾಗಿ ಬಂದವು, ಕಿರುಚಾಟವಾಗಿ ಬಂದವು. ನಗೆಯಾಗಿ ಮಾತ್ರ ಬರಲಿ ಎಂದು ಯಾವ ವಾಹಿನಿಯೂ ಬಯಸಲಿಲ್ಲ.

ಆ ಮಾರ್ಚ್ ತಿಂಗಳ ಇನ್ನೊಂದು ಪ್ರಸಂಗವನ್ನು ಮಂಡ್ಯದವರು ಮರೆಯಬಾರದು. ಪ್ರಧಾನಿಯವರು ಮಂಡ್ಯಕ್ಕೆ ಬರುವ ಹೊತ್ತಿಗೆ ನಗರದಲ್ಲಿ ಒಂದು ಸ್ವಾಗತ ಕಮಾನು ಎದ್ದಿತು. ಅದರ ಮೇಲೆ ಉರಿಗೌಡ, ನಂಜೇಗೌಡ ಎಂಬ ಎರಡು ಹೆಸರು. ಟಿಪ್ಪು ಸುಲ್ತಾನನನ್ನು ಕೊಂದವರು ಬ್ರಿಟಿಷರಲ್ಲ, ಈ ಇಬ್ಬರು ಒಕ್ಕಲಿಗ ವೀರರು ಎಂಬ ಪ್ರಚಾರ ಜೋರಾಗಿ ನಡೆದಿತ್ತು. ಈ ಕಥೆಗೆ ಕಾವು ಕೊಟ್ಟದ್ದು 2022ರಲ್ಲಿ ಮೈಸೂರು ರಂಗಾಯಣದಲ್ಲಿ ಬಂದ ಒಂದು ನಾಟಕ. 1799ರ ಮಾರ್ಚಿನಲ್ಲಿ ಟಿಪ್ಪುವಿನ ಸೇನೆಗೂ ಬ್ರಿಟಿಷರಿಗೂ ಯುದ್ಧವಾದದ್ದು ಇದೇ ಮಳವಳ್ಳಿಯ ಬಳಿ ಎಂಬುದಕ್ಕೆ ಇತಿಹಾಸದಲ್ಲಿ ದಾಖಲೆ ಇದೆ. ಆ ಇಬ್ಬರು ಟಿಪ್ಪುವನ್ನು ಕೊಂದರೆಂಬುದಕ್ಕೆ ಹೇಳಿದವರು ದಾಖಲೆ ತರಲಿಲ್ಲ. ಕಮಾನಿನ ಮೇಲಿನ ಹೆಸರನ್ನು ಬದಲಾಯಿಸಬೇಕಾಯಿತು. ಆಗಿನ ಒಬ್ಬ ಮಂತ್ರಿ, ಚಿತ್ರ ನಿರ್ಮಾಪಕರಾದ ಮುನಿರತ್ನ, ಇದನ್ನು ಸಿನಿಮಾ ಮಾಡಲು ಹೊರಟರು. ದಾಖಲೆಯಿಲ್ಲದೆ ಇಂಥದ್ದು ಬೇಡ ಎಂದು ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ತಿಳಿಹೇಳಿದ ಮೇಲೆ ಕೈಬಿಟ್ಟರು. ಸ್ವಾಮೀಜಿಯವರ ಆ ಮಾತಿಗೆ ಈ ಸೀಮೆಯ ಎಲ್ಲರೂ ಋಣಿಗಳು. ಆದರೆ ವಿಪರ್ಯಾಸ ನೋಡಿ: 2001ರಲ್ಲಿ ಒಬ್ಬ ಕಲ್ಪಿತ ಮಂತ್ರಿ ನಿಜವಾದ ಮಂತ್ರಿಗಳ ಬಣ್ಣ ಬಯಲು ಮಾಡಿದ್ದ. 2023ರಲ್ಲಿ ನಿಜವಾದ ಮಂತ್ರಿಗಳೇ ಪುರಾವೆಯಿಲ್ಲದ ಪಾತ್ರಗಳನ್ನು ಹಿಡಿದುಕೊಂಡು ನಮ್ಮ ಊರಿಗೆ ಬಂದರು. ಮೊದಲನೆಯದನ್ನು ಜನ ನಾಟಕವೆಂದು ತಿಳಿದು ನಕ್ಕಿದ್ದರು. ಎರಡನೆಯದನ್ನು ಇತಿಹಾಸವೆಂದು ನಂಬಿ ಪಕ್ಕದ ಮನೆಯವರ ಮೇಲೆ ಹಗೆ ಸಾಧಿಸಲಿ ಎಂಬುದು ಬಯಕೆಯಾಗಿತ್ತು.

ಈ ರೋಗ ಒಂದೇ ಪಕ್ಷದ್ದಲ್ಲ. 2019ರ ಮಂಡ್ಯ ಲೋಕಸಭಾ ಚುನಾವಣೆಯಲ್ಲಿ ಸುಮಲತಾ ಮತ್ತು ನಿಖಿಲ್ ಕುಮಾರಸ್ವಾಮಿ ಎದುರುಬದುರಾದಾಗ, ತಂದೆ ಮಗನನ್ನು ವೇದಿಕೆಗೆ ಕರೆದ ‘ನಿಖಿಲ್ ಎಲ್ಲಿದ್ದೀಯಪ್ಪಾ’ ಎಂಬ ಮಾತು ಮನೆಮನೆಯ ನಗೆಯಾಯಿತು. ಬಹುಕಾಲದ ಮೇಲೆ ಸಾಮಾನ್ಯ ಜನ ದೊಡ್ಡವರನ್ನು ನೋಡಿ ಮನಸಾರೆ ನಕ್ಕ ಸಂದರ್ಭ ಅದು. ಅದಕ್ಕೆ ಬಂದ ಉತ್ತರವೇನು? ರಾಜಕಾರಣಿಗಳನ್ನು ಹಾಸ್ಯದ ವಸ್ತು ಮಾಡಲು ಮಾಧ್ಯಮಗಳಿಗೆ ಅಧಿಕಾರ ಕೊಟ್ಟವರು ಯಾರು ಎಂದು ಆಗಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಆ ಮೇ ತಿಂಗಳಲ್ಲಿ ಸಾರ್ವಜನಿಕವಾಗಿಯೇ ಕೇಳಿದರು. ಇದಕ್ಕೊಂದು ಕಾನೂನು ತರುವ ಮಾತೂ ಬಂತು. ಅದೇ ತಿಂಗಳು ನಿಖಿಲ್ ಅವರ ಬಗೆಗಿನ ಒಂದು ವರದಿಗಾಗಿ ‘ವಿಶ್ವವಾಣಿ’ ಪತ್ರಿಕೆಯ ಸಂಪಾದಕರ ಮೇಲೆ ಪೊಲೀಸ್ ಪ್ರಕರಣ ದಾಖಲಾಯಿತು. ಆ ವರದಿಯ ತಪ್ಪುಸರಿ ಬೇರೆ ವಿಷಯ. ಮುಖ್ಯಮಂತ್ರಿಗಳ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೇ: ಆ ಅಧಿಕಾರ ಕೊಟ್ಟದ್ದು ಓಟು ಹಾಕಿದ ಜನ. ನಗುವ ಹಕ್ಕನ್ನು ಅವರು ಯಾರಿಗೂ ಬರೆದುಕೊಟ್ಟಿಲ್ಲ.

ಈಗ ಮೊದಲು ಹೇಳಿದ ಮಾತಿಗೆ ಬರೋಣ. 2001ರಲ್ಲಿ ಫಾರೂಕ್ ಶೇಖ್ ಮಂತ್ರಿಯನ್ನು ಗೇಲಿ ಮಾಡಿದಾಗ ಅವರ ಹೆಸರು ಅಡ್ಡಬರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2021ರ ಮೊದಲ ದಿನ, ಮುನವ್ವರ್ ಫಾರೂಕಿ ಎಂಬ ಯುವ ಹಾಸ್ಯಗಾರನನ್ನು ಇಂದೋರಿನಲ್ಲಿ ಬಂಧಿಸಿದರು. ಆ ಸಂಜೆ ಆತ ಆಡಿಯೇ ಇಲ್ಲದ ಮಾತಿಗಾಗಿ ಆತನನ್ನು ಹಿಡಿಯಲಾಯಿತು ಎಂದು ಅಲ್ಲಿದ್ದ ಪ್ರೇಕ್ಷಕರೇ ಹೇಳಿದರು. ಸುಪ್ರೀಂ ಕೋರ್ಟು ಜಾಮೀನು ಕೊಡುವ ತನಕ ತಿಂಗಳಿಗೂ ಹೆಚ್ಚು ಕಾಲ ಜೈಲಿನಲ್ಲಿದ್ದ. ಅದೇ ನವೆಂಬರ್ 28ರಂದು ಬೆಂಗಳೂರಿನಲ್ಲಿ ನಡೆಯಬೇಕಾಗಿದ್ದ ಆತನ ಕಾರ್ಯಕ್ರಮಕ್ಕೂ ಪೊಲೀಸರು ಅನುಮತಿ ಕೊಡಲಿಲ್ಲ. ಆತನ ಹಾಸ್ಯ ಎಲ್ಲರಿಗೂ ಹಿಡಿಸಬೇಕೆಂದೇನಿಲ್ಲ. ನಮಗೂ ಎಲ್ಲವೂ ಹಿಡಿಸುವುದಿಲ್ಲ. ಹಿಡಿಸದಿದ್ದರೆ ಎದ್ದು ಹೋಗಬಹುದು. ಆದರೆ ಮುಸ್ಲಿಮನನ್ನು ನೋಡಿ ನಗಬಹುದು, ಮುಸ್ಲಿಮನು ನಗಿಸಬಾರದು ಎಂಬುದು ಎಂಥ ನಿಯಮ? ಹಳ್ಳಿಯವನ ಭಾಷೆ ನಗಿಸಬಹುದು, ಹಳ್ಳಿಯವನ ಪ್ರಶ್ನೆ ನಗಿಸಬಾರದು ಎಂಬ ನಿಯಮದ ಸೋದರನೇ ಇದು.

ಈಗ ಮೊಬೈಲ್ ಇದೆ, ಟ್ರೋಲ್ ಇದೆ, ಟಿವಿ ಏಕೆ ಬೇಕು ಎನ್ನಬಹುದು. ಟ್ರೋಲಿಗೆ ಮುಖವಿಲ್ಲ, ಹೊಣೆಯೂ ಇಲ್ಲ. ಬೆಳಿಗ್ಗೆ ಮಂತ್ರಿಯನ್ನು ಗೇಲಿ ಮಾಡಿದ್ದು ಸಂಜೆಯ ಹೊತ್ತಿಗೆ ಯಾವುದೋ ಹೆಣ್ಣುಮಗಳ ಮೇಲೆ, ಯಾವುದೋ ಸಮುದಾಯದ ಮೇಲೆ ತಿರುಗಿರುತ್ತದೆ. ಒಳ್ಳೆಯ ಹಾಸ್ಯ ಧಾರಾವಾಹಿ ಹಾಗಲ್ಲ. ಅದಕ್ಕೆ ಬರಹಗಾರ ಇರುತ್ತಾನೆ, ಹೆಸರು ಹಾಕಿಕೊಂಡ ನಟ ಇರುತ್ತಾನೆ. ಮಂತ್ರಿಯ ದೌರ್ಬಲ್ಯದಲ್ಲಿ ನಮ್ಮ ದೌರ್ಬಲ್ಯವನ್ನೂ ತೋರಿಸುತ್ತದೆ. ಮನೆಮಂದಿಯೆಲ್ಲ ಕೂತು ನಕ್ಕು, ಮಾರನೆಯ ದಿನ ಪಂಚಾಯಿತಿ ಕಚೇರಿಗೆ ಹೋದಾಗ ‘ನಾಳೆ ಬಾ’ ಎಂಬ ಮಾತು ಕೇಳಿದರೆ, ಇದು ನಿನ್ನೆ ಕಂಡ ಆಟವೇ ಎಂದು ಗುರುತಿಸುವ ತಿಳಿವಳಿಕೆ ಕೊಡುತ್ತದೆ.

ಇದು ಬರೀ ಮನರಂಜನೆಯ ಪ್ರಶ್ನೆಯಲ್ಲ. 2025ರ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಗಣೇಶನ ಮೆರವಣಿಗೆಯ ಮೇಲೆ ಕಲ್ಲು ಬಿತ್ತು. ಕಲ್ಲೆಸೆದವರು ಯಾರೇ ಆಗಲಿ ಅವರು ಅಪರಾಧಿಗಳು, ಕಾನೂನಿನ ಪ್ರಕಾರ ಶಿಕ್ಷೆಯಾಗಲಿ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ಸುದ್ದಿವಾಹಿನಿಗಳ ಪರದೆಯ ಮೇಲೆ ಮದ್ದೂರು ಎಂದರೆ ಕಲ್ಲು, ಲಾಠಿ, ಬಂದ್ ಇಷ್ಟೇ. ಮದ್ದೂರು ವಡೆಯ ಮದ್ದೂರು, ಒಂದೇ ನಾಲೆಯ ನೀರು ಹಂಚಿಕೊಳ್ಳುವ, ಕಬ್ಬಿನ ಬಾಕಿ ಬರದಿದ್ದಾಗ ಒಟ್ಟಿಗೇ ರಸ್ತೆಯಲ್ಲಿ ಕೂರುವ ಮದ್ದೂರು ಕಾಣಿಸಲಿಲ್ಲ. ವರ್ಷಾನುಗಟ್ಟಲೆ ಹಾಸ್ಯದಲ್ಲಿ ಒಬ್ಬನನ್ನು ಪೆದ್ದನೆಂದೂ ಇನ್ನೊಬ್ಬನನ್ನು ಪರಕೀಯನೆಂದೂ ತೋರಿಸಿದ ಪರದೆಗೆ, ಕಷ್ಟದ ದಿನ ಬಂದಾಗ ಆ ಇಬ್ಬರೂ ಒಂದೇ ಊರಿನವರೆಂದು ಹೇಳಲು ನಾಲಿಗೆ ಹೊರಳಲಿಲ್ಲ. ಮೇಲಿನವರನ್ನು ನೋಡಿ ಒಟ್ಟಿಗೆ ನಕ್ಕ ಜನರ ನಡುವೆ ಒಂದು ಸ್ನೇಹ ಬೆಳೆಯುತ್ತದೆ. ಒಬ್ಬರನ್ನೊಬ್ಬರು ನೋಡಿ ನಗುವುದನ್ನಷ್ಟೇ ಕಲಿತವರನ್ನು ಜಗಳಕ್ಕೆ ಹಚ್ಚುವುದು ಸುಲಭ. ರಾಜಕಾರಣಿಗಳಿಗೆ ಈ ಲೆಕ್ಕ ಗೊತ್ತಿದೆ.

ಆದ್ದರಿಂದ ವಾಹಿನಿಗಳವರನ್ನು ನಾವು ಕೇಳುವುದು ಇಷ್ಟು. ವಾರಕ್ಕೆ ಒಂದು ಅರ್ಧ ಗಂಟೆ ಕೊಡಿ. ವಿಧಾನಸೌಧದ ಒಂದು ಕೋಣೆ, ಒಬ್ಬ ಮಂತ್ರಿ, ಒಬ್ಬ ಕಾರ್ಯದರ್ಶಿ, ಒಬ್ಬ ಆಪ್ತ ಸಹಾಯಕ ಸಾಕು; ಅರಮನೆಯಂಥ ಮನೆ, ಹತ್ತು ಕೆ.ಜಿ. ಒಡವೆ ಬೇಕಾಗಿಲ್ಲ. ಮಂತ್ರಿಯ ಪಾತ್ರವನ್ನು ನಮ್ಮ ಹಿರಿಯ ನಟರಲ್ಲಿ ಒಬ್ಬರಿಗೆ ಕೊಡಿ. ಮಂಡ್ಯದ ಕನ್ನಡ ಆಡುವವನು ಅಲ್ಲಿ ಇರಲಿ, ಆದರೆ ಜವಾನನಾಗಿ ಅಲ್ಲ. ಎಲ್ಲರ ಸುಳ್ಳನ್ನೂ ಹಿಡಿಯುವ ಅರ್ಜಿದಾರನಾಗಿ ಇರಲಿ. ಅವನ ಜೊತೆ ಕಿರುಗಾವಲಿನ ಒಬ್ಬ ಖಾನ್ ಸಾಹೇಬರೂ ಬರಲಿ, ಅದೇ ಕನ್ನಡದಲ್ಲಿ, ಅದೇ ನಾಲೆಯ ನೀರಿನ ಅರ್ಜಿ ಹಿಡಿದುಕೊಂಡು. ಅಂಥದ್ದೊಂದು ಬಂದ ದಿನ ಓದುಗರಾದ ನಾವು ಮಾಡಬೇಕಾದ ಕೆಲಸವೂ ಇದೆ. ಅದನ್ನು ನೋಡಬೇಕು, ನೆರೆಯವರನ್ನು ಕರೆದು ನೋಡಿಸಬೇಕು, ಯಾರೋ ಮಂತ್ರಿಗೆ ನೋವಾಯಿತೆಂದು ನಿಲ್ಲಿಸಲು ಹೊರಟರೆ ವಾಹಿನಿಯ ಪರವಾಗಿ ನಿಲ್ಲಬೇಕು. ಹಾಗೆಯೇ, ನಾಳೆ ಸಂಜೆ ಟಿವಿಯಲ್ಲಿ ಯಾರೋ ‘ನಿಮ್ದುಕೆ’ ಎಂದೋ ‘ಬುಡ್ಲಾ’ ಎಂದೋ ಹೇಳಿ ನಮ್ಮ ನಗೆಗಾಗಿ ಕಾದು ನಿಂತರೆ, ಒಂದು ಸಲವಾದರೂ ನಗದೆ ಕೂರಬೇಕು.